ಕಾಪುವಿನ ಮರಳಿನಿಂದ ಕಾರ್ಕಳದ ಟ್ರ್ಯಾಕಿಗೆ

ಭಾನುವಾರ ಬೆಳಿಗ್ಗೆ ಕಾಪುವಿನಲ್ಲಿ ಬಸ್ಸು ಹತ್ತುವಾಗ ನನ್ನ ಜೊತೆ ಯಾರೂ ಇರಲಿಲ್ಲ. ಸಂಜೆ ಬೀಚಿನಲ್ಲಿ ಓಡುವುದಾದರೆ ಕರೆಯದೆ ಬರುವ ಗೆಳತಿಯರಿಗೆಲ್ಲ, ಕಾರ್ಕಳ ಎಂದ ಕೂಡಲೇ ಒಂದೊಂದು ಕೆಲಸ ಬಂದಿತ್ತು. ಅಪ್ಪ ದೋಣಿಯಲ್ಲಿ, ಅಮ್ಮ ಮೀನು ಮಾರುಕಟ್ಟೆಯಲ್ಲಿ. ನಮ್ಮ ಕಡಲ ಬದಿಯ ಓಟಗಳಲ್ಲಿ ಕೆಲವು ವರ್ಷಗಳಿಂದ ನನ್ನನ್ನು ಸೋಲಿಸಿದ ಹುಡುಗಿ ಇಲ್ಲ. ಆದರೆ ಅಲ್ಲಿ ಗೆದ್ದರೆ ಸಿಗುವುದು ಸ್ಟೀಲಿನ ತಟ್ಟೆ, ಹೆಚ್ಚೆಂದರೆ ಗೋಡೆ ಗಡಿಯಾರ. ಕಾರ್ಕಳದ ಜಿಲ್ಲಾ ಕೂಟದಲ್ಲಿ ನೂರು ಮೀಟರ್ ಗೆದ್ದರೆ ರಾಜ್ಯ ಕೂಟಕ್ಕೆ ಆಯ್ಕೆ, ಅಲ್ಲಿಂದ ಕ್ರೀಡಾ ಹಾಸ್ಟೆಲಿಗೆ ದಾರಿ. ಇಪ್ಪತ್ತರೊಳಗಿನವರ ವಿಭಾಗದಲ್ಲಿ ನನಗದು ಕೊನೆಯ ವರ್ಷವಾಗಿತ್ತು.

ಕಟಪಾಡಿಯಲ್ಲಿ ಮಟ್ಟುಗುಳ್ಳ ಬದನೆಯ ಗೋಣಿಗಳು ಹತ್ತಿದವು. ಅದರಲ್ಲಿ ಒಂದು ನೇರ ನನ್ನ ಕಾಲ ಬುಡಕ್ಕೇ ಬಂತು.

"ಕಾಲು ಸ್ವಲ್ಪ ಮೇಲೆ ಮಾಡಿ ಅಕ್ಕ, ಉಡುಪಿಯಲ್ಲಿ ಇಳಿಸುವುದುಂಟು," ಎಂದ ಕಂಡಕ್ಟರ್.

ಜಿಲ್ಲೆಯ ವೇಗದ ಓಟಗಾರ್ತಿಯಾಗಲು ಹೊರಟವಳು ಮೊಣಕಾಲು ಎದೆಗೆ ಒತ್ತಿಕೊಂಡು, ಬದನೆಕಾಯಿಗೆ ಕಾವಲು ಕುಳಿತವಳಂತೆ ಉಡುಪಿ ತಲುಪಿದಳು. ಅಲ್ಲಿ ಹೋಟೆಲಿಗೆ ಹೋಗಿ ಬನ್ಸ್ ತಗೊಂಡೆ. ಅರ್ಧ ಅಲ್ಲೇ ಬಿಟ್ಟು ಎದ್ದೆ.

ಕಾರ್ಕಳದ ಬಸ್ಸು ಮಣಿಪಾಲದಲ್ಲಿ ನಿಂತಾಗ ಕಿಟಕಿಯ ಬಳಿಗೆ ಲವೀನಾ ಅಕ್ಕ ಓಡಿ ಬಂದರು. ಹಿಂದೆ ಟ್ರ್ಯಾಕಿನಲ್ಲಿ ಓಡಿದವರು, ಈಗ ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸ್. ನನಗೆ ಟ್ರ್ಯಾಕಿನ ಹುಚ್ಚು ಹತ್ತಿಸಿದವರೂ, ರಜೆ ಸಿಕ್ಕಾಗಲೆಲ್ಲ ಕಾಪುವಿಗೆ ಬಂದು ಕಲಿಸಿದವರೂ ಅವರೇ. ಆ ದಿನ ನನ್ನ ಜೊತೆ ಬರುವುದೆಂದು ಮಾತಾಗಿತ್ತು. ಆದರೆ ಅವರು ಯೂನಿಫಾರ್ಮಿನಲ್ಲಿದ್ದರು.

"ಬದಲಿಗೆ ಜನ ಇಲ್ಲ ಮಾರಾಯ್ತಿ, ಡ್ಯೂಟಿಗೆ ಹಾಕಿಬಿಟ್ಟರು," ಎನ್ನುತ್ತ ತಮ್ಮ ಹಳೆಯ ಸ್ಪೈಕ್ ಶೂಗಳನ್ನು ಕಿಟಕಿಯಿಂದ ಕೊಟ್ಟರು. "ಮಂಡೆ ಕೆಳಗೆ ಇಟ್ಟುಕೋ. ಯಾರ ಕೈಯನ್ನೂ ನೋಡಬೇಡ. ಕಿವಿ ಕೊಡು, ಗೊತ್ತಾಯಿತಾ?"

ಅವರು ಹಾಗೆ ಹೇಳಲು ಕಾರಣವಿತ್ತು. ಕಡಲ ಬದಿಯಲ್ಲಿ ತೆರೆಗಳ ಅಬ್ಬರಕ್ಕೆ ಸೀಟಿ ಕೇಳಿಸುವುದಿಲ್ಲ. ಆದ್ದರಿಂದ ನಮ್ಮಲ್ಲಿ ಹಿರಿಯರೊಬ್ಬರು ಹೆಗಲಿನ ಬೈರಾಸು ಬಟ್ಟೆಯನ್ನು ಮೇಲೆತ್ತಿ ಹಿಡಿಯುತ್ತಾರೆ. ಅದು ಕೆಳಗಿಳಿದ ಕ್ಷಣ ಓಡಬೇಕು. ನಾನು ಗೆಲ್ಲುತ್ತಿದ್ದದ್ದು ಕಾಲಿನಿಂದ ಮಾತ್ರವಲ್ಲ, ಕಣ್ಣಿನಿಂದಲೂ ಹೌದು.

ಹಿರಿಯಡ್ಕ ದಾಟಿದ ಮೇಲೆ ಗಾಳಿಯಲ್ಲಿ ಉಪ್ಪಿನ ವಾಸನೆ ಇರಲಿಲ್ಲ. ಬಸ್ಸಿನಲ್ಲಿ ಎಲ್ಲರೂ ನನ್ನದೇ ತುಳು ಮಾತಾಡುತ್ತಿದ್ದರು, ಆದರೂ ಯಾರೂ ನನ್ನವರಲ್ಲ ಅನಿಸಿತು. ಅಳು ಬಂತು. ಪಕ್ಕದ ಹೆಂಗಸಿಗೆ ಕಾಣದ ಹಾಗೆ ಹೊರಗೆ ನೋಡಿದೆ.

ಕಾರ್ಕಳದ ಕ್ರೀಡಾಂಗಣದಲ್ಲಿ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಹುಡುಗಿಯರು ಅಪ್ಪಂದಿರು, ಕೋಚುಗಳು, ಚಾಪೆ, ನೀರಿನ ಕ್ಯಾನುಗಳ ಸಮೇತ ನೆರಳು ಹಿಡಿದಿದ್ದರು. "ನಿಮ್ಮ ಕೋಚ್ ಎಲ್ಲಿ?" ಎಂದು ಒಬ್ಬಳು ಕೇಳಿದಳು. "ಡ್ಯೂಟಿಯಲ್ಲಿ," ಎಂದೆ. ಅವಳಿಗೆ ಪೊಲೀಸ್ ಕೋಚ್ ಇರಬೇಕು ಅನಿಸಿತೋ ಏನೋ, ಸ್ವಲ್ಪ ಗೌರವದಿಂದ ಸರಿದು ಜಾಗ ಕೊಟ್ಟಳು.

ಓಟಕ್ಕೆ ನಿಂತಾಗ ಎರಡೂ ಬದಿಗೆ ಬಿಳಿ ಗೆರೆಗಳು. ಬೀಚಿನಲ್ಲಿ ಭುಜಕ್ಕೆ ಭುಜ ತಾಗುತ್ತದೆ, ಬೈಗುಳವೂ ನಗುವೂ ಜೊತೆಗೇ ಓಡುತ್ತವೆ. ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಓಣಿ. ಸ್ಟಾರ್ಟರ್ "ಸೆಟ್" ಎಂದರು. ಆಗ ಅಭ್ಯಾಸಬಲ ಗೆದ್ದಿತು, ನಾನು ತಲೆಯೆತ್ತಿದೆ. ಬಲಗೈಯಲ್ಲಿ ಪಿಸ್ತೂಲು ಹಿಡಿದಿದ್ದ ಅವರು ಎಡಗೈಯಿಂದ ಹಣೆಯ ಬೆವರು ಒರೆಸಿ ಕೈ ಕೆಳಗಿಳಿಸಿದರು. ನಾನು ಓಡಿದೆ. ಮುಂದೆ ಯಾರೂ ಇಲ್ಲ ಎಂಬ ಸಂತೋಷ ಹತ್ತು ಹೆಜ್ಜೆ ಇತ್ತು. ತಿರುಗಿ ನೋಡಿದರೆ ಹಿಂದೆಯೂ ಯಾರೂ ಇಲ್ಲ.

ಪಿಸ್ತೂಲಿನ ಸದ್ದಿಗೆ ಮೊದಲೇ ಓಡಿದ್ದಕ್ಕೆ ಕೆಂಪು ಕಾರ್ಡು ತೋರಿಸಿದರು, ಹೊರಗೆ ನಿಂತೆ. ಉಳಿದವರು ಓಡಿ ಮುಗಿಸಿದರು. ಗೆದ್ದವಳನ್ನು ಅವಳಪ್ಪ ಎತ್ತಿಕೊಂಡದ್ದನ್ನು ನೋಡಲಾಗಲಿಲ್ಲ.

ಕೂಟ ಮುಗಿಯುವವರೆಗೂ ನಾನು ಅಲ್ಲಿಂದ ಕದಲಲಿಲ್ಲ. ಹೊರಡುತ್ತಿದ್ದ ಸ್ಟಾರ್ಟರ್ ನನ್ನನ್ನು ಕಂಡು ಹತ್ತಿರ ಬಂದರು.

"ಬೀಚಿನಲ್ಲಿ ಓಡಿದವಳಲ್ವಾ? ನನ್ನ ಕೈ ನೋಡಿದೆ ನೀನು."

"ಹೌದು ಸರ್. ಇನ್ನು ನನಗೆ ಎಂತ ಉಂಟು?"

"ವಯಸ್ಸಿನ ಮಿತಿ ಇಲ್ಲದ ಓಪನ್ ವಿಭಾಗ ಉಂಟು. ಅದಕ್ಕೆ ಹಾಸ್ಟೆಲ್ ಇಲ್ಲ, ಕೋಚ್ ಇಲ್ಲ. ಸ್ವಂತ ಓಡಬೇಕು."

"ಈಗ ಒಮ್ಮೆ ಓಡಬಹುದಾ ಸರ್?"

ಅವರು ಗಡಿಯಾರ ನೋಡಿದರು, ಬ್ಯಾಗು ಕೆಳಗಿಟ್ಟು ನನ್ನ ಬೆನ್ನ ಹಿಂದೆ ಹೋಗಿ ನಿಂತರು. ನಾನು ಗೆರೆಯಲ್ಲಿ ಬಾಗಿ ನೆಲ ನೋಡಿದೆ. ಚಪ್ಪಾಳೆ ಕೇಳಿದ ಮೇಲೆಯೇ ಓಡಿದೆ. ಆಚೆ ತುದಿಯಲ್ಲಿ ಹಗ್ಗ ಹಿಡಿದವರಿಲ್ಲ, ಕೂಗುವವರಿಲ್ಲ. ಇಷ್ಟು ಚೆನ್ನಾಗಿ ನಾನು ಹಿಂದೆಂದೂ ಓಡಿರಲಿಲ್ಲ, ಅದನ್ನು ಹೇಳಿಕೊಳ್ಳಲು ಒಂದು ಜೀವವೂ ಹತ್ತಿರ ಇರಲಿಲ್ಲ.

ಮನೆ ಮುಟ್ಟಿದಾಗ ಅಮ್ಮ ಜಗಲಿಯಲ್ಲಿ ಕಾಯುತ್ತಿದ್ದಳು. ಬೀಚಿನ ಕಡೆಯಿಂದ ಗೆಳತಿಯರು ಎರಡು ಸಲ ಕರೆದರು, ನಾನು ಹೋಗಲಿಲ್ಲ. ಅಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದೆ.

"ಒಬ್ಬಳೇ ಓಡಿದೆಯಾ? ಯಾರೂ ನೋಡಲಿಲ್ವಾ?"

"ಸ್ಟಾರ್ಟರ್ ಒಬ್ಬರು. ಅವರೂ ಚಪ್ಪಾಳೆ ತಟ್ಟಿ ಬ್ಯಾಗು ಹಿಡಿದು ಹೊರಟರು."

"ಮತ್ತೆ ಎಂತಕ್ಕೆ ಓಡಿದ್ದು?"

"ಅಭ್ಯಾಸ ಆಗಲಿ ಅಂತ," ಎಂದೆ.