ಕೊನೆಯ ಜಳಕ

ಬೆಟಗೇರಿಯ ನಮ್ಮ ಓಣಿಯಲ್ಲಿ ಯಾವ ಹೆಂಗಸು ತೀರಿಕೊಂಡರೂ ಮೊದಲು ನಮ್ಮ ಮನೆಗೆ ಕರೆ ಬರುತ್ತಿತ್ತು. ಸತ್ತವರಿಗೆ ಕೊನೆಯ ಜಳಕ ಮಾಡಿಸುವುದು ಅವ್ವನ ಕೆಲಸ. ಅದನ್ನು ಅವಳಿಗೆ ಯಾರೂ ವಹಿಸಿದ್ದಲ್ಲ. ಮೊದಲು ಅಜ್ಜಿ ಮಾಡುತ್ತಿದ್ದಳು, ಅವಳು ಹೋದ ಮೇಲೆ ಸೊಸೆ ಮಾಡಿದಳು, ಅಷ್ಟೇ. ಕರೆ ಬಂದರೆ ಅವ್ವ ಮಗ್ಗ ಬಿಟ್ಟು ಎದ್ದು, ಹಳೆಯ ಸೀರೆ ಉಟ್ಟು ಹೊರಡುತ್ತಿದ್ದಳು. ಮೈ ತೊಳೆದು, ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿ, ಅಲ್ಲಿ ಒಂದು ಗುಟುಕು ಚಹಾ ಕೂಡ ಕುಡಿಯದೆ ಮರಳಿ ಬರುತ್ತಿದ್ದಳು.

"ನಿಂದು ದೊಡ್ಡ ಪುಣ್ಯಾ. ನಿನ್ನ ಕಡೀಗಾಲಕ್ಕ ದೇವ್ರು ಹೂವು ಎತ್ತಿದಂಗ ಎತಗೊಂಡು ಹೋಗ್ತಾನ ನೋಡು" ಎಂದು ಎದುರುಮನೆಯ ಕಾಕು ಹೇಳುತ್ತಿದ್ದಳು.

ಅವ್ವನಿಗೆ ಆ ಮಾತು ಸೇರುತ್ತಿರಲಿಲ್ಲ. "ಮನಿಮಂದಿಗೆ ರೊಟ್ಟಿ ಬಡದ್ರ ಯಾರರ ಪುಣ್ಯಾ ಅಂತಾರೇನು? ಮಾಡೂದೈತಿ, ಮಾಡ್ತೀನಿ."

ಕಾಕುವಿನ ಮಾತನ್ನು ನಂಬಿದವಳು ನಾನು.

ಕೊರೋನಾ ಎರಡನೆಯ ಸಲ ಬಂದಾಗ ಅವ್ವನಿಗೂ ಜ್ವರ ಹತ್ತಿತು. ನಾನು ಲಕ್ಷ್ಮೇಶ್ವರದಲ್ಲಿ, ಗಂಡನ ಮನೆಯಲ್ಲಿದ್ದೆ. ಅಣ್ಣ ಅವಳನ್ನು ಗದಗಿನಲ್ಲಿ ಆಸ್ಪತ್ರೆಗೆ ಸೇರಿಸಿದ. ವಾರ ತುಂಬುವುದರೊಳಗೆ ಅವ್ವ ಹೋದಳೆಂದು ಖಬರು ಬಂತು. ಹೇಗೋ ಊರು ಮುಟ್ಟಿದೆ. ನಮ್ಮನ್ನು ಸ್ಮಶಾನದ ಗೇಟಿನ ಹೊರಗೇ ನಿಲ್ಲಿಸಿದರು. ಅವ್ವನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು.

"ಮುಖಾನರ ತೋರಸ್ರಿ" ಎಂದು ಅಣ್ಣ ಬೇಡಿಕೊಂಡ.

"ಆಗೂದಿಲ್ರಿ" ಎಂದ ಚೀಲ ಹೊತ್ತವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಜಳಕವಿಲ್ಲ, ವಿಭೂತಿಯಿಲ್ಲ. ಜ್ವರದ ಬೆವರಿನಲ್ಲೇ ಅವ್ವ ಮಣ್ಣಿಗೆ ಹೋದಳು.

ನಾನು ದೇವರಿಗೆ ದೀಪ ಹಚ್ಚುವುದನ್ನು ಬಿಟ್ಟೆ. ಅತ್ತೆ ಕಾರಣ ಕೇಳಿದರು.

"ಅಷ್ಟು ಮಂದಿಗೆ ನೀರು ಹಾಕಿದಾಕಿಗೆ ಒಂದು ತಂಬಿಗಿ ನೀರು ಸಿಗಲಿಲ್ಲರಿ ಅತ್ತಿ. ಯಾರಿಗಂತ ಹಚ್ಚಲಿ?"

ಅವರು ತಾವೇ ಹಚ್ಚಿದರು.

ಹೋದ ವರ್ಷ ಲಕ್ಷ್ಮೇಶ್ವರದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಬ್ಬ ಮುದುಕಿ ತೀರಿಕೊಂಡಳು. ಅವಳ ಮಗಳು ನಮ್ಮ ಬಾಗಿಲಿಗೆ ಬಂದು ನಿಂತಳು.

"ಅಕ್ಕಾರ, ನಿಮ್ಮವ್ವಾರು ಮಾಡಸ್ತಿದ್ರಂತ. ನೀವು ಬರ್ರಿ. ನಮ್ಮವ್ವನ್ನ ಮುಟ್ಟಾಕ ನನ್ನ ಕಡಿಂದ ಆಗವಲ್ದು."

ಒಲ್ಲೆ ಅನ್ನಬೇಕೆಂದಿದ್ದೆ. ಅತ್ತು ಬಾತ ಅವಳ ಮುಖ ನೋಡಿ ಎದ್ದೆ. ಅವ್ವ ಮಾಡುವುದನ್ನು ಬಾಗಿಲ ಸಂದಿಯಿಂದ ನೋಡಿದ್ದು ಬಿಟ್ಟರೆ ನನಗೆ ಏನೂ ತಿಳಿದಿರಲಿಲ್ಲ. ಹಾಗೇ ಮಾಡಿದೆ. ಬೆನ್ನು ತೊಳೆಯುವಾಗ ನನ್ನ ಅವ್ವನನ್ನೇ ತೊಳೆಯುತ್ತಿದ್ದೇನೆ ಅನ್ನಿಸೀತು, ಮನಸ್ಸಿಗೆ ಒಂದಿಷ್ಟು ಸಮಾಧಾನ ಸಿಕ್ಕೀತು ಎಂದುಕೊಂಡಿದ್ದೆ. ಸಿಗಲಿಲ್ಲ. ಅದು ಬೇರೆ ಯಾರದೋ ಬೆನ್ನು. ಮಗಳು ಮಾತ್ರ ಮೂಲೆಯಿಂದ ಎದ್ದು ಬಂದು, ತಾಯಿಯ ಒದ್ದೆ ಕೂದಲನ್ನು ತಾನೇ ಒರೆಸಿದಳು.

ಮನೆಗೆ ಬಂದಾಗ ಅತ್ತೆ ಕೇಳಿದರು, "ಮನಸು ಹಗುರಾತೇನವ್ವಾ?"

"ಇಲ್ರಿ."

ಆಮೇಲೂ ಕರೆಗಳು ಬಂದಿವೆ, ಹೋಗಿದ್ದೇನೆ. ದೇವರ ಮೇಲಿನ ಸಿಟ್ಟು ಇಳಿದಿಲ್ಲ. ಅವ್ವನಿಗೆ ನ್ಯಾಯ ಸಿಕ್ಕಿತೆಂದು ಯಾರಾದರೂ ಹೇಳಿದರೆ ಇಂದಿಗೂ ಜಗಳಕ್ಕೆ ನಿಲ್ಲುತ್ತೇನೆ. ಮತ್ತೆ ಯಾಕೆ ಹೋಗುತ್ತೀ ಎಂದು ಅಣ್ಣ ಕೇಳುತ್ತಾನೆ. ಕರೆ ಬಂದರೆ ನಾನು ಹಳೆಯ ಸೀರೆ ಉಟ್ಟು ಹೊರಡುತ್ತೇನೆ.