ನಾನು ಕ್ಲೇಮ್ ಮಾಡಿದ ಎಂಜಿನ್

ಅಮೆರಿಕದ ಡಿಯರ್‌ಬಾರ್ನ್‌ನ ಒಂದು ಟೆಸ್ಟ್ ಲ್ಯಾಬಿನಲ್ಲಿ ಎಂಜಿನ್ ಬಿಚ್ಚುವುದು ನನ್ನ ಕೆಲಸ. ಹುದ್ದೆಗೆ ಉದ್ದದ ಹೆಸರಿದೆ, ಮಾಡುವುದು ಮಾತ್ರ ಇಷ್ಟೇ: ಓಡಿಸಿ ಓಡಿಸಿ ದಣಿಸಿದ ಎಂಜಿನ್ನನ್ನು ಕಳಚಿ, ತೊಳೆದು, ಯಾವ ಭಾಗ ಎಷ್ಟು ಸವೆದಿದೆ ಎಂದು ಅಳೆದು ಬರೆಯುವುದು. ಇಪ್ಪತ್ತು ವರ್ಷ ಇದನ್ನೇ ಮಾಡಿದವಳಿಗೆ, ಎಂಜಿನ್ ವಿಷಯದಲ್ಲಿ ಇನ್ನು ಯಾರೂ ಏನೂ ಹೇಳಿಕೊಡಬೇಕಿಲ್ಲ ಎಂಬ ಕೊಬ್ಬು ಬಂದುಬಿಡುತ್ತದೆ. ನನಗೂ ಬಂದಿತ್ತು.

ನನ್ನ ಮಗಳು ಸೌತ್‌ಫೀಲ್ಡ್‌ನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾಗ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಸ್ಟಾಕ್ ಕಾರ್ ರೇಸಿಗೆ ಇಳಿದಳು. ಟೀವಿಯಲ್ಲಿ ಬರುವಂಥ ರೇಸ್ ಅಲ್ಲ. ನಮ್ಮ ಮನೆಯಿಂದ ಒಂದು ಗಂಟೆ ಡ್ರೈವ್ ಮಾಡಿದರೆ ಜೋಳದ ಹೊಲಗಳ ನಡುವೆ ಕಾಲು ಮೈಲಿಯ ಡಾಂಬರು ಟ್ರ್ಯಾಕ್, ಹಲಗೆಯ ಸ್ಟ್ಯಾಂಡು, ಭಾನುವಾರ ಮಧ್ಯಾಹ್ನದ ಬಿಸಿಲು. ಮೂವತ್ತು ನಲವತ್ತು ವರ್ಷ ಹಳೆಯ ಕಾರುಗಳ ಸೀಟು, ಗಾಜು ಕಿತ್ತು, ಒಳಗೆ ಪೈಪಿನ ಪಂಜರ ಬೆಸೆದು, ಬರೀ ಎಡಕ್ಕೆ ತಿರುಗುತ್ತಾ ಇಪ್ಪತ್ತೈದು ಸುತ್ತು ಹೊಡೆಯುತ್ತಾರೆ. ಹೊಡೆಯುವವರು ಪ್ಲಂಬರು, ಸ್ಕೂಲ್ ಬಸ್ ಡ್ರೈವರು, ನರ್ಸು. ಸ್ಕೋಕಿಯಲ್ಲಿರುವ ನನ್ನ ಅಕ್ಕ ಫೋನಿನಲ್ಲಿ, "ಭರತನಾಟ್ಯ ಬಿಡಿಸಿ ಗುಜರಿ ಗಾಡಿ ಹತ್ತಿಸಿದೀಯಲ್ಲೇ, ನಿಂಗೇನು ತಲೆ ಕೆಟ್ಟಿದ್ಯಾ?" ಎಂದು ಉಗಿದಳು. ನನಗೋ ಒಳಗೊಳಗೇ ಹೆಮ್ಮೆ. ಮಗಳ ಕಾರಿನ ಮೆಕ್ಯಾನಿಕ್ಕು, ಮ್ಯಾನೇಜರು, ಕಟ್ಟಿದ ಚಿತ್ರಾನ್ನ ಹೊತ್ತು ಬರುವ ಕೂಲಿ, ಎಲ್ಲ ನಾನೇ.

ಇಂಥ ರೇಸುಗಳನ್ನು ಕೊಲ್ಲುವುದು ದುಡ್ಡು. ಒಬ್ಬ ಹತ್ತು ಸಾವಿರ ಡಾಲರಿನ ಎಂಜಿನ್ ತಂದರೆ ಇನ್ನೊಬ್ಬ ಹದಿನೈದು ಸಾವಿರದ್ದು ತರುತ್ತಾನೆ, ಬಸ್ ಡ್ರೈವರ್ ಬಾಲ ಮುದುರಿಕೊಂಡು ಮನೆಗೆ ಹೋಗುತ್ತಾನೆ. ಅದನ್ನು ತಡೆಯಲು ನಮ್ಮ ಟ್ರ್ಯಾಕಿನ ನಿಯಮದ ಪುಸ್ತಕದಲ್ಲಿ ಕ್ಲೇಮ್ ಎಂಬ ಒಂದು ಕಲಮು ಇತ್ತು. ಗೆದ್ದವರ ಎಂಜಿನ್ನನ್ನು, ಎರಡರಿಂದ ಐದನೇ ಸ್ಥಾನದವರೆಗೆ ಬಂದ ಯಾವ ಡ್ರೈವರ್ ಬೇಕಾದರೂ, ರೇಸ್ ಮುಗಿದ ಹದಿನೈದು ನಿಮಿಷದೊಳಗೆ ಸಾವಿರದ ಇನ್ನೂರು ಡಾಲರ್ ಕೊಟ್ಟು ಕೊಂಡುಬಿಡಬಹುದು. ಕೊಡುವುದಿಲ್ಲ ಎಂದರೆ ಗೆಲುವು ರದ್ದು, ಆ ಸೀಸನ್ ಪೂರ್ತಿ ಹೊರಗೆ. ಹಾಗೆ ಕೈಬಿಟ್ಟುಹೋದ ಎಂಜಿನ್ ಆ ಸೀಸನ್ನಿನಲ್ಲಿ ಹಳೆಯ ಕಾರಿಗೆ ವಾಪಸ್ ಬರುವಂತೆಯೂ ಇಲ್ಲ. ಯಾವ ಭಾನುವಾರ ಬೇಕಾದರೂ ಸಾವಿರದ ಇನ್ನೂರಕ್ಕೆ ಹೋಗಿಬಿಡಬಹುದಾದ ಎಂಜಿನ್ನಿಗೆ ಯಾರು ಹತ್ತು ಸಾವಿರ ಸುರಿಯುತ್ತಾರೆ? ಚಿಕ್ಕಂದಿನಲ್ಲಿ ನಮ್ಮಮ್ಮ, ಮಾವಿನಹಣ್ಣು ಹೆಚ್ಚಿದವರಿಗೆ ಕೊನೆಯ ಹೋಳು ಎಂದು ಕಟ್ಟು ಮಾಡಿದ್ದಳು. ಹೋಳುಗಳು ತೂಕ ಹಾಕಿದ ಹಾಗೆ ಸಮ ಬರುತ್ತಿದ್ದವು. ಇದೂ ಅದೇ ಉಪಾಯ, ಮೊದಲ ಸಲ ಓದಿದಾಗ ಭಲೇ ಎಂದುಕೊಂಡಿದ್ದೆ.

ಪುಸ್ತಕದಲ್ಲಿ ಬರೆಯದೆ ಬಿಟ್ಟಿದ್ದ ಸಂಗತಿಯೆಂದರೆ, ಆ ಕಲಮನ್ನು ಅಲ್ಲಿ ಯಾರೂ ಬಳಸುತ್ತಿರಲಿಲ್ಲ. ಮೇಷ್ಟರ ಮೇಜಿನ ಮೇಲಿನ ಬೆತ್ತದ ಹಾಗೆ ಅದು ಕಣ್ಣಿಗೆ ಕಾಣುತ್ತಿದ್ದರೆ ಸಾಕಿತ್ತು. ಎಷ್ಟೋ ವರ್ಷದ ಹಿಂದೆ ಒಬ್ಬ ಬಳಸಿದ್ದನಂತೆ, ಆಮೇಲೆ ಅವನಿಗೆ ಯಾರೂ ಒಂದು ಜಾಕ್ ಕೂಡ ಎರವಲು ಕೊಡಲಿಲ್ಲವಂತೆ. ಇದೆಲ್ಲ ಟ್ರ್ಯಾಕಿನವರಿಗೆ ನೀರು ಕುಡಿದಷ್ಟು ಸಹಜವಾಗಿ ಗೊತ್ತಿತ್ತು. ನಾನು ಸಿಲಬಸ್ಸಿನಲ್ಲಿ ಇರುವುದೆಲ್ಲ ಪರೀಕ್ಷೆಗೆ ಬರುತ್ತದೆ ಎಂದು ನಂಬಿ ಓದಿದವಳು.

ನಮ್ಮ ಪಕ್ಕದ ಜಾಗದಲ್ಲಿ ಕಾರು ನಿಲ್ಲಿಸುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ರಿಟೈರ್ಡ್ ಟೂಲ್‌ಮೇಕರ್, ಕಾರ್ಖಾನೆಗೆ ಅಚ್ಚು, ಉಪಕರಣ ಮಾಡಿಕೊಡುತ್ತಿದ್ದವರು. ನಲವತ್ತು ವರ್ಷದಿಂದ ಅದೇ ಟ್ರ್ಯಾಕಿನಲ್ಲಿ ಓಡಿಸುತ್ತಿದ್ದರು. ನನ್ನ ಮಗಳು ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು. ನನಗೆ ಬಾಯಿ ಬರುತ್ತಿರಲಿಲ್ಲ, "ಸರ್" ಎನ್ನುತ್ತಿದ್ದೆ. ಅವರು, "ನಾನು ದಿನಗೂಲಿಯವನು, ಸರ್ ಆಫೀಸಿನಲ್ಲಿ ಕೂತಿರ್ತಾರೆ" ಎಂದು ನಗುತ್ತಿದ್ದರು. ಮೊದಲ ವಾರ ನಮ್ಮ ಕಾರಿನ ಟೈರಿನ ಗಾಳಿಯಿಂದ ಹಿಡಿದು ಮಗಳು ತಿರುವಿನಲ್ಲಿ ಎಲ್ಲಿ ಕಾಲು ತೆಗೆಯಬೇಕು ಎನ್ನುವವರೆಗೆ ತಿದ್ದಿದವರು ಅವರೇ. ಎಂಜಿನ್ ವಿಷಯಕ್ಕೆ ಮಾತ್ರ ನಾನು ಬಿಡಲಿಲ್ಲ. ಅದು ನನ್ನ ಖಾತೆ.

ಆ ಬೇಸಿಗೆ ಅವರು ಗೆಲ್ಲತೊಡಗಿದರು. ಒಂದಲ್ಲ, ಎರಡಲ್ಲ, ಎಂಟು ಭಾನುವಾರದಲ್ಲಿ ಆರು ಭಾನುವಾರ. ಮಗಳು ನಾಲ್ಕನೆಯವಳೋ ಐದನೆಯವಳೋ ಆಗಿ ಬಂದು, ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಂಡು ಖುಷಿಯಾಗಿಯೇ ಇರುತ್ತಿದ್ದಳು. ಅವಳಿಗೆ ಗೆಲ್ಲುವ ಹಟ ಇರಲಿಲ್ಲ, ನನಗಿತ್ತು. ಸ್ಟಾಪ್‌ವಾಚ್ ಹಿಡಿದು ಅವರ ಒಂದೊಂದು ಸುತ್ತನ್ನೂ ಬರೆದಿಟ್ಟುಕೊಂಡೆ. ತಿರುವು ಮುಗಿಸಿ ನೇರ ದಾರಿಗೆ ಬರುವಾಗ ಅವರ ಎಂಜಿನ್ ಎಳೆಯುವ ರೀತಿ ನೋಡಿದರೆ ಒಳಗೆ ಏನೋ ಇದೆ ಎಂದು ನನ್ನ ಇಪ್ಪತ್ತು ವರ್ಷದ ಅನುಭವ ಹೇಳುತ್ತಿತ್ತು. ಗೆದ್ದ ಕಾರನ್ನು ಪರೀಕ್ಷಿಸುವ ಇನ್‌ಸ್ಪೆಕ್ಟರು ಅವರ ಕಾರಿಗೆ ಹೆಬ್ಬೆರಳೆತ್ತಿ ಕಳಿಸಿದಾಗಲೆಲ್ಲ, ಇವರೆಲ್ಲ ಒಂದೇ ಗುಂಪಿನವರು ಎಂದು ಹಲ್ಲು ಕಡಿಯುತ್ತಿದ್ದೆ.

ಆಗಸ್ಟಿನ ಒಂದು ಭಾನುವಾರ ಅವರು ಮತ್ತೆ ಗೆದ್ದರು, ಮಗಳು ಮೂರನೆಯವಳಾದಳು. ನಾನು ಬೆಳಿಗ್ಗೆಯೇ ದುಡ್ಡು ಬ್ಯಾಗಿನಲ್ಲಿ ಇಟ್ಟುಕೊಂಡು ಬಂದಿದ್ದೆ. ಕ್ಲೇಮ್ ಫಾರ್ಮಿಗೆ ಡ್ರೈವರ್ ಸಹಿ ಹಾಕಬೇಕು.

"ಅಮ್ಮಾ, ನೋಬಡಿ ಡಸ್ ದಟ್," ಎಂದಳು ಮಗಳು.

"ರೂಲ್ ಬುಕ್ಕಲ್ಲಿ ಇದೆ ತಾನೇ? ಸೈನ್ ಮಾಡು."

"ಬಟ್ ಹಿ ಈಸ್ ಅವರ್ ಫ್ರೆಂಡ್!"

"ಫ್ರೆಂಡ್ ಆದ್ರೆ ಮೋಸ ಮಾಡಬಹುದಾ? ಕಳ್ಳ ಆದ್ರೆ ಎಂಜಿನ್ ಕೊಡಲ್ಲ ಅಂತಾರೆ ನೋಡು. ಆಗ ಗೊತ್ತಾಗುತ್ತೆ."

ಅವಳು ನನ್ನ ಮುಖ ನೋಡದೆ ಸಹಿ ಹಾಕಿದಳು. ಇನ್‌ಸ್ಪೆಕ್ಟರು ಫಾರ್ಮನ್ನು ಎರಡು ಸಲ ಓದಿ, "ಇನ್ನೂ ಒಂಬತ್ತು ನಿಮಿಷ ಇದೆ. ಒಂದು ಕಾಫಿ ಕುಡಿದು ಯೋಚನೆ ಮಾಡಿ ಬನ್ನಿ," ಎಂದರು. ಮುಚ್ಚಿಹಾಕಲು ನೋಡುತ್ತಿದ್ದಾರೆ ಎಂದು ನನಗೆ ಇನ್ನಷ್ಟು ರೇಗಿತು. ಕಾಫಿ ಬೇಡ ಎಂದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ ಎಂದು ಕಾಯುತ್ತಿದ್ದೆ. ಟೂಲ್‌ಮೇಕರ್ ಮುಟ್ಟಿಕೊಳ್ಳಲಿಲ್ಲ. ಸುದ್ದಿ ಕೇಳಿ, ಮಗಳ ಕಡೆ ನೋಡಿ, "ಸರಿ, ತಗೊಳ್ಳಲಿ," ಎಂದರು. ಬಾನೆಟ್ ಎತ್ತಿ ಸ್ಪ್ಯಾನರ್ ಹಿಡಿದರು. ಮೊದಲ ಬೋಲ್ಟಿಗೆ ಸ್ಪ್ಯಾನರ್ ಕೂರಲಿಲ್ಲ, ಎರಡು ಸಲ ಜಾರಿತು. ಆಚೆ ಬದಿಯಿಂದ ಬಸ್ ಡ್ರೈವರ್ ಬಂದು ಅವರ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡ. ಆಮೇಲೆ ಪ್ಲಂಬರ್ ಬಂದ, ನರ್ಸ್ ಬಂದಳು. ಎಲ್ಲ ಸೇರಿ ಚೈನ್ ಹಾಕಿ ಎಂಜಿನ್ ಎತ್ತಿ ನಮ್ಮ ಪಿಕಪ್ಪಿಗೆ ಇಳಿಸಿದರು. ನನ್ನ ಕಡೆ ಯಾರೂ ತಿರುಗಲಿಲ್ಲ. ಸಿಟ್ಟಿಗೆ ಮುದುಕರ ಕೈ ನಡುಗುತ್ತಿದೆ ಎಂದುಕೊಂಡೆ. ದೇವರಾಣೆಗೂ ಹಾಗೇ ಅಂದುಕೊಂಡೆ.

ಮನೆಗೆ ತಂದ ಎಂಜಿನ್ನನ್ನು ಮಗಳ ಕಾರಿಗೆ ಹಾಕುವ ಯೋಚನೆಯೇ ನನಗೆ ಬರಲಿಲ್ಲ. ಕಳ್ಳತನ ಹಿಡಿಯಬೇಕಿತ್ತು. ಸೋಮವಾರ ರಜೆ ಹಾಕಿ ಗ್ಯಾರೇಜಿನಲ್ಲಿ ಬಿಚ್ಚಲು ಕೂತೆ. ಲ್ಯಾಬಿನಲ್ಲಿ ಮಾಡುವ ಹಾಗೆಯೇ: ಕಳಚು, ಸಾಲ್ವೆಂಟಿನಲ್ಲಿ ತೊಳೆ, ಒರೆಸು, ಅಳೆ, ತೂಗು, ಚೀಲದಲ್ಲಿ ಹಾಕಿ ಚೀಟಿ ಅಂಟಿಸು. ಪಿಸ್ಟನ್ ಸರಿಯಾಗಿತ್ತು. ಕ್ಯಾಮ್ ಶಾಫ್ಟ್ ವಾಲ್ವುಗಳನ್ನು ಎತ್ತುವ ಎತ್ತರ ಪುಸ್ತಕದಲ್ಲಿ ಇದ್ದಷ್ಟೇ ಇತ್ತು. ಕಂಪ್ರೆಶನ್ ಮಿತಿಗಿಂತ ಒಂದು ಕೂದಲು ಕಡಿಮೆಯೇ ಇತ್ತು. ಬುಧವಾರದ ಹೊತ್ತಿಗೆ ಬಿಚ್ಚಲು ಏನೂ ಉಳಿದಿರಲಿಲ್ಲ, ಕಳ್ಳತನವೂ ಸಿಕ್ಕಿರಲಿಲ್ಲ.

ಸಿಕ್ಕಿದ್ದು ಬೇರೆ. ಎಂಟು ಪಿಸ್ಟನ್ನುಗಳ ತೂಕದಲ್ಲಿ ನನ್ನ ತಕ್ಕಡಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಎಲ್ಲ ಒಳಗಿನಿಂದ ಅರದಲ್ಲಿ ಉಜ್ಜಿ ಸಮ ಮಾಡಿದ್ದು. ವಾಲ್ವ್ ಕೂರುವ ಅಂಚುಗಳನ್ನು ಕೈಯಲ್ಲೇ ತಿಕ್ಕಿ ತಿಕ್ಕಿ ಕೂರಿಸಿದ್ದರು. ಅಂಗಡಿಯ ಮಾಮೂಲಿ ಭಾಗಗಳೇ, ದುಬಾರಿಯದು ಒಂದೂ ಇಲ್ಲ. ಒಂದು ಇಡೀ ಚಳಿಗಾಲ ಒಬ್ಬ ಮನುಷ್ಯ ಹೀಟರ್ ಪಕ್ಕ ಕೂತು ಮಾಡಿದ ಕೆಲಸ ಅದು. ನಮ್ಮ ಲ್ಯಾಬಿಗೆ ಅಷ್ಟು ಒಳ್ಳೆಯ ಎಂಜಿನ್ ಒಂದೂ ಬಂದಿರಲಿಲ್ಲ. ನನಗೆ ನಾಚಿಕೆಯಾಯಿತು.

ಮುಂದಿನ ಭಾನುವಾರ ನಮ್ಮ ಹಳೆಯ ಎಂಜಿನ್ನಿನಲ್ಲೇ ಓಡಿಸಲು ಹೋದೆವು. ಅವರ ಜಾಗ ಖಾಲಿ ಇತ್ತು. ನಾನು ಇನ್‌ಸ್ಪೆಕ್ಟರ ಹತ್ತಿರ ಹೋಗಿ, ಎಲ್ಲ ಅಳೆದೆ, ಎಲ್ಲ ಸರಿ ಇದೆ, ತಪ್ಪು ನನ್ನದು ಎಂದೆ.

"ಸರಿ ಇದೆ ಅಂತ ನಮಗೆಲ್ಲ ಗೊತ್ತಿತ್ತು," ಎಂದರು. "ಅವರಿಗೆ ಪಾರ್ಕಿನ್ಸನ್. ಸ್ಟೀರಿಂಗ್ ಹಿಡಿದರೆ ಕೈ ಹೇಗೋ ನಿಲ್ಲುತ್ತೆ, ಸಣ್ಣ ಬೋಲ್ಟ್ ಹಿಡಿದರೆ ನಿಲ್ಲಲ್ಲ. ಆ ಎಂಜಿನ್ ಕಾಯಿಲೆ ಜೋರಾಗೋಕೆ ಮುಂಚೆ ಮಾಡಿದ್ದು. ಇನ್ನೊಂದು ಮಾಡೋಕೆ ಅವರಿಂದ ಆಗಲ್ಲ. ಅದಕ್ಕೇ ನಾವ್ಯಾರೂ ಮುಟ್ಟಲಿಲ್ಲ."

"ನನಗೆ ಯಾಕೆ ಹೇಳಲಿಲ್ಲ?"

"ಕಾಫಿ ಕುಡಿದು ಬನ್ನಿ ಅಂದೆನಲ್ಲ," ಎಂದರು.

ಆ ಮುದುಕರು ನಾನು ಕೊಟ್ಟ ಸಾವಿರದ ಇನ್ನೂರಕ್ಕೆ ಇನ್ನೊಂದು ಎಂಜಿನ್ ಕೊಳ್ಳಬಹುದಿತ್ತು, ಯಾರು ಬೇಕಾದರೂ ಕೊಳ್ಳಬಹುದು. ಅವರು ಓಡಿಸುತ್ತಿದ್ದದ್ದು ತಮ್ಮ ಕೈಕೆಲಸವನ್ನು. ಆ ಕೈಕೆಲಸ ಉಳಿದಿದ್ದದ್ದು ಆ ಎಂಜಿನ್ ಒಂದರಲ್ಲೇ. ಈ ಸೀಸನ್ ಹೋದರೆ ಹೋಗಲಿ, ಮುಂದಿನ ಬೇಸಿಗೆಗಾದರೂ ಅವರ ಎಂಜಿನ್ ಅವರ ಕಾರಿನಲ್ಲಿ ಇರಲಿ ಎಂದು, ಶನಿವಾರ ಬೆಳಿಗ್ಗೆ ಎಲ್ಲವನ್ನೂ ಪ್ಲಾಸ್ಟಿಕ್ ಡಬ್ಬಗಳಲ್ಲಿ ತುಂಬಿಕೊಂಡು ಅವರ ಮನೆಗೆ ಹೊರಟೆ. ಮಗಳು ತಾನೂ ಬರುತ್ತೇನೆಂದಳು.

ಅವರು ಗ್ಯಾರೇಜ್ ಬಾಗಿಲು ತೆಗೆದು ನಮ್ಮನ್ನು ಒಳಗೆ ಕರೆದರು. ನಾನು ಕ್ಷಮೆ ಕೇಳಿದೆ, ಅವರು ತಲೆಯಾಡಿಸಿದರು. ಡಬ್ಬಗಳನ್ನು ನೋಡಿ, "ಚೀಟಿ ಚೆನ್ನಾಗಿ ಬರೆದಿದ್ದೀರಿ," ಎಂದರು. ಆಮೇಲೆ ಒಂದು ಚೀಲ ತೆಗೆದುಕೊಂಡರು. ಅದರಲ್ಲಿ ಹದಿನಾರು ಲಿಫ್ಟರುಗಳಿದ್ದವು, ಕ್ಯಾಮ್ ಶಾಫ್ಟಿನ ಉಬ್ಬುಗಳ ಮೇಲೆ ಉಜ್ಜುತ್ತಾ ವಾಲ್ವುಗಳನ್ನು ಎತ್ತುವ, ಹೆಬ್ಬೆರಳು ಗಾತ್ರದ ಉಕ್ಕಿನ ತುಂಡುಗಳು. ನಾನು ಅವನ್ನು ತೂಗಿ, ತೂಕದ ಪ್ರಕಾರ ಸಾಲಾಗಿ ಹಾಕಿದ್ದೆ.

"ಯಾವುದು ಯಾವ ಉಬ್ಬಿನ ಮೇಲಿತ್ತು?" ಎಂದು ಕೇಳಿದರು.

ಒಂದು ಒರಳಿಗೆ ಸವೆದು ಕೂತ ಗುಂಡುಕಲ್ಲು ಇನ್ನೊಂದು ಒರಳಿಗೆ ಕೂರುವುದಿಲ್ಲ. ಲಿಫ್ಟರೂ ಹಾಗೇ, ಓಡಿ ಓಡಿ ತನ್ನ ಉಬ್ಬಿಗೆ ತಕ್ಕಂತೆ ಸವೆದಿರುತ್ತದೆ, ಅದಲು ಬದಲಾದರೆ ಎರಡೂ ಹಾಳು. ಮೊದಲ ವರ್ಷದ ಮೆಕ್ಯಾನಿಕ್‌ಗೂ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು. ಆದರೆ ನಮ್ಮ ಲ್ಯಾಬಿನಲ್ಲಿ ಬಿಚ್ಚಿದ ಎಂಜಿನ್ ಮತ್ತೆ ಓಡುವುದಿಲ್ಲ, ಅಳೆದಾದ ಮೇಲೆ ಗುಜರಿಗೆ ಹೋಗುತ್ತದೆ. ಯಾವುದು ಎಲ್ಲಿತ್ತು ಎಂದು ಗುರುತಿಡುವ ಅಭ್ಯಾಸ ಇಪ್ಪತ್ತು ವರ್ಷದಿಂದ ನನ್ನ ಕೈಗಿರಲಿಲ್ಲ. ಅವರು ಮಾರ್ಕರಿನಲ್ಲಿ ಹಾಕಿದ್ದ ಗುರುತುಗಳನ್ನು ಎಣ್ಣೆಯ ಜೊತೆ ತೊಳೆದು ಹಾಕಿದವಳು ನಾನೇ. ಪಿಸ್ಟನ್ ರಿಂಗುಗಳ ಕತೆಯೂ ಅಷ್ಟೇ.

"ಗೊತ್ತಿಲ್ಲ," ಎಂದೆ.

ಅವರು ಒಂದು ಲಿಫ್ಟರ್ ತೆಗೆದು ಅದರ ತಳದ ಸವೆತ ನೋಡಲು ಬೆಳಕಿಗೆ ಹಿಡಿದರು. ಕೈ ನಿಲ್ಲಲಿಲ್ಲ. ಮಗಳು ಅದನ್ನು ತೆಗೆದುಕೊಂಡು ಅವರ ಕಣ್ಣಿನ ಮುಂದೆ ಹಿಡಿದಳು. ಹಾಗೆ ನಾಲ್ಕೈದನ್ನು ನೋಡಿ, ಸಾಕು ಎಂದು ಕೈಯಾಡಿಸಿ ಸ್ಟೂಲಿನ ಮೇಲೆ ಕೂತರು.

"ಹೊಸ ಕ್ಯಾಮು, ಹೊಸ ಲಿಫ್ಟರು, ಹೊಸ ರಿಂಗು ಹಾಕಿದರೆ ಓಡುತ್ತೆ," ಎಂದರು. "ಅದು ಬೇರೆ ಎಂಜಿನ್."

"ನಾನು ಜೋಡಿಸಿಕೊಡ್ತೀನಿ, ಸರ್. ನೀವು ಹೇಳಿದ ಹಾಗೆ," ಎಂದೆ.

ಅವರು ಮಗಳ ಕಡೆ ತಿರುಗಿದರು. "ನಿಮ್ಮಮ್ಮ ದುಡ್ಡು ತಂದಾಗ ನಂಗೆ ಬೇಜಾರಾಗಲಿಲ್ಲ ಕಣಮ್ಮ," ಎಂದರು. "ಮುಂದಿನ ಬೇಸಿಗೆಗೆ ನಾನು ಕಾರು ಹತ್ತೋದು ಅನುಮಾನ. ಸದ್ಯ, ಎಂಜಿನ್ ಈ ಹುಡುಗಿ ಕಾರಿಗೆ ಹೋಗ್ತಿದೆ, ನನಗಿಂತ ಚೆನ್ನಾಗಿ ಓಡಿಸ್ತಾಳೆ ಅಂದ್ಕೊಂಡೆ. ಹೋದ ಭಾನುವಾರ ಟಿಕೆಟ್ ತಗೊಂಡು ಸ್ಟ್ಯಾಂಡಲ್ಲಿ ಕೂತಿದ್ದೆ. ನಲವತ್ತು ವರ್ಷದಲ್ಲಿ ಮೊದಲನೇ ಸಲ ಟಿಕೆಟ್ ತಗೊಂಡಿದ್ದು. ನೀನು ಅದನ್ನ ಓಡಿಸೋದು ಕೇಳೋಣ ಅಂತ. ಎರಡನೇ ಸುತ್ತಿಗೇ ಗೊತ್ತಾಯ್ತು, ಅದು ನನ್ನ ಎಂಜಿನ್ ಸದ್ದಲ್ಲ ಅಂತ. ಅವತ್ತಿನ ಮುಂದಿನ ರೇಸಲ್ಲಾದ್ರೂ ಹಾಕ್ಬೋದು ಅಂತ ಕೊನೇತನಕ ಕೂತಿದ್ದೆ."

ಮಗಳು ಅಲ್ಲೇ ಗ್ಯಾರೇಜಿನ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತಳು. ನಾನು ಅಳಲಿಲ್ಲ, ಅಳುವ ಹಕ್ಕು ನನಗಿದೆ ಎನಿಸಲಿಲ್ಲ. ಅವರು ಬಿಸಿಲಿನಲ್ಲಿ ಹಲಗೆಯ ಮೇಲೆ ಕೂತು ಕಾಯುತ್ತಿದ್ದ ಆ ಮಧ್ಯಾಹ್ನ, ಅವರ ಎಂಜಿನ್ ನನ್ನ ಮನೆಯ ಗ್ಯಾರೇಜಿನಲ್ಲಿ ಅರವತ್ತು ಚೀಲಗಳಲ್ಲಿ ಒಪ್ಪವಾಗಿ ಕೂತಿತ್ತು.