ದುಮ್ಮವಾಡದ ಅಜ್ಜಿಯ ಊಟ

ರೋಗಿಯ ವರದಿ ಬರೆದರೆ ಸಾಲದು, ಅವರೇ ಹೇಳಿಕೊಂಡಂತೆ ಕತೆಯಾಗಿ ಹೇಳಬೇಕು ಎಂಬುದು ನರ್ಸಿಂಗ್ ಕಲಿಸಿದ ನಮ್ಮ ಮೇಡಂ ಅವರ ಪದ್ಧತಿ. ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲನೆಯವಳು ನಾನು. ತಪ್ಪಾದೀತೆಂಬ ಭಯಕ್ಕೆ ವರದಿಯನ್ನೇ ನೆಚ್ಚಿದ್ದೆ. ದುಮ್ಮವಾಡದ ಅಜ್ಜಿಯೊಬ್ಬರ ಹಾಳೆಯಲ್ಲಿ ‘ಮೂರು ದಿನಗಳಿಂದ ಮಧ್ಯಾಹ್ನದ ಊಟ ನಿರಾಕರಣೆ’ ಎಂದು ಅಚ್ಚುಕಟ್ಟಾಗಿ ಬರೆದಿದ್ದೆ.

ತರಗತಿಯಲ್ಲಿ ಆ ಅಜ್ಜಿಯಾಗಿ ಮಾತನಾಡಲು ನಿಂತಾಗ ನೆನಪಾದದ್ದು, ಊಟದ ತಟ್ಟೆ ಇಟ್ಟಾಗಲೆಲ್ಲ ಅವರು ನನ್ನನ್ನು ಕೇಳುತ್ತಿದ್ದ ಒಂದೇ ಮಾತು: “ನೀ ಉಂಡಿಯೇನವ್ವಾ?”

“ಅದಕ್ಕ ನೀ ಏನಂದಿ?” ಎಂದರು ಮೇಡಂ.

“ನನ್ನ ಚಿಂತಿ ಬಿಡ್ರಿ, ನೀವು ಉಣ್ರಿ ಅಂದೆ ರೀ.”

“ಅಲ್ಲಬೇ ಹುಚ್ಚಿ, ಹಸದ ಹುಡುಗಿ ಎದುರಿಗೆ ನಿಂತ್ರ ಆ ಅಜ್ಜಿ ತುತ್ತು ಹೆಂಗ ಎತ್ತತಾಳ?”

ಇಡೀ ತರಗತಿ ನಕ್ಕಿತು. ನನ್ನ ಅವ್ವನೂ ಮನೆಗೆ ಬಂದವರು ಉಣ್ಣದೆ ತಾನು ಉಂಡವಳಲ್ಲ. ಸಮವಸ್ತ್ರ ತೊಟ್ಟ ಮೇಲೆ ಅದನ್ನೇ ಮರೆತಿದ್ದೆ. ತರಗತಿ ಮುಗಿದೊಡನೆ ವಾರ್ಡಿಗೆ ಓಡಿದೆ. ಹಾಸಿಗೆ ಖಾಲಿಯಿತ್ತು, ಮಗಳು ಬಂದು ಊರಿಗೆ ಕರೆದೊಯ್ದಿದ್ದಳು.

ಈಗ ಉಂಡ ಮೇಲೆಯೇ ವಾರ್ಡಿಗೆ ಹೋಗುತ್ತೇನೆ. ಊಟದ ಹೊತ್ತಿನಲ್ಲಿ ಪ್ರತಿ ಹಾಸಿಗೆಯ ಬಳಿ ಒಂದು ಗಳಿಗೆ ಹೆಚ್ಚೇ ನಿಲ್ಲುತ್ತೇನೆ. ಆ ಧ್ವನಿ ಮತ್ತೊಮ್ಮೆ ಕೇಳಿದರೆ ಹೇಳಬೇಕು: “ನಂದು ಊಟ ಆತ್ರಿ ಅಜ್ಜಿ, ಇನ್ನ ನೀವು ಉಣ್ರಿ.”